ಖಡಿ ಮೊದಲು, ಕಬ್ಬು ಆಮೇಲೆ

ಈ ವಾರದ ಸರದಿ ಡಾಂಬರಿನ ದರ್ಜೆಗಳದ್ದಾಗಿತ್ತು. ಆದರೆ ಸಂಕೇಶ್ವರದ ಸುತ್ತ ರಸ್ತೆ ಕೆಲಸದ ಮಾತು ಎಲ್ಲಿ ಶುರುವಾದರೂ ‘ಟಿಪ್ಪರ್ ಸಾಲವಲ್ಲವು’ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಮೊದಲು ಇದು ಬಗೆಹರಿಯಲಿ. ಟಿಪ್ಪರ್ ಕಡಿಮೆ ಬಿದ್ದಿಲ್ಲ, ಇದ್ದವು ನಿಂತಲ್ಲೇ ನಿಂತಿವೆ.

ಏಳು ಮೀಟರ್ ಅಗಲದ ರಸ್ತೆಗೆ 50 ಮಿ.ಮೀ. ದಪ್ಪ ಡಾಂಬರ್ ಮಿಶ್ರಣ ಹಾಸಿದರೆ ಕಿಲೋಮೀಟರಿಗೆ ಸುಮಾರು 800 ಟನ್ ಮಾಲು ಬೇಕು. ಹತ್ತು ಗಾಲಿಯ ಟಿಪ್ಪರ್ ಕಾನೂನಿನಂತೆ ಹೊರುವುದು ಹತ್ತಿರಹತ್ತಿರ 18 ಟನ್. ಮಾಲು ಹಾಸುವ ಪೇವರ್ ಯಂತ್ರ ಗಂಟೆಗೆ ನೂರು ಟನ್ ನುಂಗಿದರೆ ಗಂಟೆಗೆ ಐದಾರು ಗಾಡಿ ಬರಬೇಕು. ತುಂಬಿ, ಹೋಗಿ, ಸುರಿದು, ಮರಳಿ ಬರಲು ಎರಡು ತಾಸಾದರೆ ಹನ್ನೆರಡು ಟಿಪ್ಪರ್ ಸಾಕು. ಹದಿಮೂರನೆಯದು ಸರದಿಯಲ್ಲಿ ನಿಂತು ಬಾಡಿಗೆ ಎಣಿಸುತ್ತದೆ. ಅದೇ ಸುತ್ತು ಮೂರು ತಾಸಿಗೆ ಹಿಗ್ಗಿದರೆ ಹದಿನಾರೂ ಸಾಲವು.

ಆಗ ಪೇವರ್ ಹತ್ತಿರ ಏನಾಗುತ್ತದೆಂದು ನಿಂತು ನೋಡಬೇಕು. ಯಂತ್ರ ತಡೆಯುತ್ತದೆ, ಹಾಪರ್‌ನ ಮೂಲೆಯ ಮಾಲು ಮೊದಲು ಗಟ್ಟಿಯಾಗುತ್ತದೆ, ರೋಲರ್‌ನವನು ಹಿಂದಕ್ಕೂ ಹೋಗಲಾರ, ಮುಂದಕ್ಕೂ ಬರಲಾರ. ಸಾಮಾನ್ಯವಾಗಿ ಬಳಸುವ ವಿಜಿ-30 ಡಾಂಬರಿನ ಮಿಶ್ರಣ ಹಾಸುವಾಗ ಕನಿಷ್ಠ 140 ಡಿಗ್ರಿ ಇರಬೇಕು, ರೋಲಿಂಗ್ 90ಕ್ಕಿಂತ ಕೆಳಗಿಳಿಯುವುದರೊಳಗೆ ಮುಗಿಯಬೇಕು. ತಡವಾಗಿ ಬಂದ ಗಾಡಿಯ ತಾಡಪತ್ರಿ ಸರಿಸಿದರೆ ಮೇಲಿನ ಪದರ ಬೂದುಬಣ್ಣಕ್ಕೆ ತಿರುಗಿ ಹೆಂಟೆ ಕಟ್ಟಿರುತ್ತದೆ. ಅದನ್ನೂ ಹಾಸಿಬಿಡುತ್ತಾರೆ. ಮುಂದಿನ ಮಳೆಗಾಲದ ಗುಂಡಿ ಅಲ್ಲೇ ಹುಟ್ಟುವುದು.

ಈ ಸುತ್ತು ಹಿಗ್ಗುವುದು ಕಬ್ಬಿನಿಂದ.

ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆ, ಬೆಲ್ಲದ ಬಾಗೇವಾಡಿಯಲ್ಲಿ ಇನ್ನೊಂದು, ಗೋಕಾಕ–ಮೂಡಲಗಿ ಕಡೆ ಮತ್ತಷ್ಟು ಕಾರ್ಖಾನೆಗಳು. ಮಳೆ ನಿಂತ ಮೇಲೆ ಡಾಂಬರ್ ಹಾಕುವ ಹಂಗಾಮೂ, ಕಬ್ಬು ನುರಿಸುವ ಹಂಗಾಮೂ ಒಟ್ಟಿಗೇ ಶುರು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಬಿಸಿ ಮಾಲಿನ ಟಿಪ್ಪರ್ ತೆವಳುತ್ತದೆ. 2025ರ ನವೆಂಬರ್‌ನಲ್ಲಿ ಮೂಡಲಗಿ ಬಳಿಯ ಗುರ್ಲಾಪುರ ಕ್ರಾಸ್‌ನ ಕಬ್ಬಿನ ಬೆಲೆಯ ಹೋರಾಟ ಹೆದ್ದಾರಿಯ ಹತ್ತರಗಿ ಟೋಲ್‌ವರೆಗೆ ಹಬ್ಬಿದಾಗ, ಈ ಸೀಮೆಯ ರಸ್ತೆ ಯಾರ ತಾಳಕ್ಕೆ ನಡೆಯುತ್ತದೆಂಬುದು ನಾಡಿಗೇ ಕಂಡಿತು. ಸಂಕೇಶ್ವರಕ್ಕೆ ರೈಲಿಲ್ಲ, ಮೀರಜ್–ಲೋಂಡಾ ಮಾರ್ಗ ಘಟಪ್ರಭಾ ಕಡೆಯಿಂದಲೇ ಹಾದುಹೋಗುತ್ತದೆ. ಪುಣೆ–ಬೆಂಗಳೂರು ಹೆದ್ದಾರಿಗಾಗಲಿ, ಗಡಹಿಂಗ್ಲಜ ಮೇಲೆ ಬಾಂದಾಕ್ಕೆ ಹೋಗುವ ರಸ್ತೆಗಾಗಲಿ ಬೇಕಾದ ಕಲ್ಲೆಲ್ಲ ಟೈರಿನ ಮೇಲೇ ಬರಬೇಕು.

ಹೀಗೆ ಹಿಗ್ಗುವ ಸುತ್ತಿಗೆ ‘ಟ್ರಿಪ್ ಲೆಕ್ಕ’ದ ಪಂಥದವರ ಉಪಾಯ ಹಳೆಯದು: ಟ್ರಿಪ್ಪಿಗಿಷ್ಟು ಎಂದು ದುಡ್ಡು ಕಟ್ಟು, ಮೇಲೇರಿಸಿ ತುಂಬು, ಜೋರಾಗಿ ಓಡಿಸು. ಈ ಅಂಕಣಕ್ಕೆ ಈ ಪಂಥದೊಡನೆ ಮೊದಲಿನಿಂದಲೂ ಜಗಳ. ಒಂದು ಬ್ರಾಸ್ ಖಡಿ ಎಂದರೆ ನೂರು ಘನ ಅಡಿ, ನಾಲ್ಕು ಟನ್ನಿಗಿಂತ ತುಸು ಹೆಚ್ಚು. ನಾಲ್ಕು ಬ್ರಾಸಿಗೆ ನಿಲ್ಲಬೇಕಾದ ಗಾಡಿಗೆ ಆರು ಹೇರಿದರೆ ಒಟ್ಟು ತೂಕ ಕಾಲುಭಾಗಕ್ಕೂ ಮೀರಿ ಏರುತ್ತದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಲಾರಿಗಳನ್ನು ಸುತ್ತುಹಾಕಿಸಿ ನಡೆಸಿದ ದೊಡ್ಡ ಪರೀಕ್ಷೆ ತೋರಿಸಿಕೊಟ್ಟಂತೆ, ಅಚ್ಚಿನ ಭಾರ ಏರಿದ ಹಾಗೆ ರಸ್ತೆಯ ಸವೆತ ಸುಮಾರು ಅದರ ನಾಲ್ಕನೆಯ ಘಾತದಲ್ಲಿ ಏರುತ್ತದೆ. ಕಾಲುಭಾಗ ಹೆಚ್ಚಿನ ಭಾರಕ್ಕೆ ಸವೆತ ಎರಡು ಪಟ್ಟಿಗೂ ಮೀರುತ್ತದೆ. ಅದಿರು ಲಾರಿಗಳು ಬಳ್ಳಾರಿ, ಸಂಡೂರು, ಹೊಸಪೇಟೆಯ ರಸ್ತೆಗಳನ್ನು ಏನು ಮಾಡಿಟ್ಟವೆಂದು ಕಂಡವರಿಗೆ ಈ ಗಣಿತ ಬಿಡಿಸಿ ಹೇಳಬೇಕಿಲ್ಲ. ಒಂದು ರಸ್ತೆ ಕಟ್ಟಲು ಹತ್ತು ಹಳ್ಳಿಯ ರಸ್ತೆ ಕೆಡಿಸುವುದು ಕಾಮಗಾರಿಯೇ ಅಲ್ಲ.

ಅಳೆದು ಕಟ್ಟುವ ಮಾತು ಬಂದರೆ ರಸ್ತೆ ಕಟ್ಟುವವ ಮೆಕಾಡಮ್‌ನನ್ನು ನೆನೆಯದೆ ಮುಂದೆ ಹೋಗಲಾಗದು. 1816ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ರಸ್ತೆಗಳ ಉಸ್ತುವಾರಿ ಹಿಡಿದ ಆತ, ಆರು ಔನ್ಸಿಗಿಂತ, ಅಂದರೆ ಸುಮಾರು 170 ಗ್ರಾಮಿಗಿಂತ ಭಾರದ ಕಲ್ಲು ಬೇಡವೆಂದ. ಕೂತು ಕಲ್ಲೊಡೆಯುವ ಜನರನ್ನಿಟ್ಟು ಕಲ್ಲನ್ನು ಅಳತೆಗೆ ತಂದ ಮೇಲೆಯೇ ರಸ್ತೆಗೆ ಬಿಟ್ಟ. ನಮ್ಮಲ್ಲೂ ಹಿಂದೆ ಅಷ್ಟೇ: ರಸ್ತೆ ಬದಿಗೆ ಸಾಲಾಗಿ ಖಡಿ ಗುಪ್ಪೆ, ಅಳತೆಯಾದ ಮೇಲೆ ಹರವುವುದು. ಆ ಗುಪ್ಪೆಗಳನ್ನು ಹಿಂದುಳಿದ ಕಾಲದ ಗುರುತೆಂದು ಅಳಿಸಿಹಾಕಿ, ಬೆಳಗ್ಗೆ ಒಡೆದ ಕಲ್ಲು ಮಧ್ಯಾಹ್ನ ಹಾಸಿಗೆಯಾಗಬೇಕೆಂಬ ಹಟಕ್ಕೆ ಬಿದ್ದೆವು.

ಬಿಸಿ ಮಾಲನ್ನು ಕೂಡಿಡಲಾಗದು. ಕಲ್ಲಿಗೆ ಆ ಅವಸರವಿಲ್ಲ. ಏಳು ಮೀಟರ್ ರಸ್ತೆಯ ಕೆಳಪದರಗಳಿಗೆ, ಎರಿಮಣ್ಣಿನ ನೆಲದಲ್ಲಂತೂ, ಡಾಂಬರಿನ ಪದರಕ್ಕಿಂತ ಎಷ್ಟೋ ಪಟ್ಟು ಕಲ್ಲು ಬೇಕು, 250 ಮಿ.ಮೀ. ಖಡಿ ಪದರವೊಂದಕ್ಕೇ ಕಿಲೋಮೀಟರಿಗೆ 3,800 ಟನ್ ದಾಟುತ್ತದೆ. ಮಳೆ ಬಿಡುವು ಕೊಟ್ಟ ಸೆಪ್ಟೆಂಬರ್‌ನಿಂದ, ಕಾರ್ಖಾನೆಯ ಭೋಂಗಾ ಕೂಗುವ ಮುಂಚೆ, ಅದೆಲ್ಲ ಸ್ಥಳಕ್ಕೆ ಬಂದು ಬಿದ್ದಿರಲಿ. ಹಂಗಾಮಿನಲ್ಲಿ ಬಿಸಿ ಮಾಲು ಮಾತ್ರ ಓಡಲಿ. ದುಡ್ಡು ಕಲ್ಲಿನಲ್ಲಿ ಸಿಕ್ಕಿಬೀಳುತ್ತದೆಂಬ ಗುತ್ತಿಗೆದಾರರ ಮಾತು ಸುಳ್ಳಲ್ಲ. ಆದರೆ ಸ್ಥಳಕ್ಕೆ ಬಂದ ಸಾಮಗ್ರಿಯ ಮೇಲೆ ಮುಂಗಡ ಕೊಡುವ ಕ್ರಮ ಸರಕಾರಿ ಕಾಮಗಾರಿಗೆ ಹೊಸದಲ್ಲ. ಅದನ್ನು ತಡಮಾಡದೆ ಕೊಟ್ಟರಾಯಿತು.

ತೂಕದ ಪ್ರಶ್ನೆ ಉಳಿಯಿತು. ಕಬ್ಬಿನ ಗಾಡಿ ತೂಗಲು ಕಟ್ಟಿದ ದೊಡ್ಡ ಕಾಟಾಗಳು ಪ್ರತಿ ಕಾರ್ಖಾನೆಯಲ್ಲೂ ಇವೆ, ನುರಿಸುವುದು ನಿಂತ ಮೇಲೆ ಅವಕ್ಕೆ ಹೆಚ್ಚು ಕೆಲಸವಿಲ್ಲ. ಅವುಗಳನ್ನು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಖಡಿಗೆ ತೆರೆಯಬೇಕು. ಚೀಟಿಯ ಮೇಲೆ ಟನ್ ಬರೆಯಲಿ, ಚಾಲಕನಿಗೂ ಕ್ರಷರಿನವನಿಗೂ ಅದೇ ಚೀಟಿಯ ಮೇಲೆ ಹಣ ಸಿಗಲಿ, 28.5 ಟನ್ ಒಟ್ಟು ತೂಕ ಮೀರಿದ ಹತ್ತು ಗಾಲಿಯ ಗಾಡಿ ಅಲ್ಲಿಂದಲೇ ಹಿಂದಿರುಗಲಿ. ಹುಕ್ಕೇರಿ ತಾಲ್ಲೂಕಿನ ಎರಡು ಕಾರ್ಖಾನೆಗಳಿಂದ ಮೊದಲು ಮಾಡಿದರೂ ಸಾಕು.