‘ಐಡಲ್’ ಎಂಬ ಪದವೂ ಸೋಮಾರಿತನದ ಆರೋಪವೂ

ಇಂಗ್ಲಿಷ್ ಆಧಾರಗಳಿಂದ ನಮ್ಮ ಗ್ರಾಮಚರಿತ್ರೆಯನ್ನು ಬರೆಯುವವರಲ್ಲಿ ‘ಐಡಲ್’ ಎಂಬ ಪದ ಬಂದೆಡೆಯಲ್ಲೆಲ್ಲ ‘ಸೋಮಾರಿ’ ಎಂದು ಅನುವಾದಿಸುವ ರೂಢಿಯುಂಟು. ಇದು ಕೇವಲ ಭಾಷೆಯ ಪ್ರಶ್ನೆಯಲ್ಲ. ಚರಿತ್ರೆಯ ತೀರ್ಪೊಂದು ಇದರಲ್ಲಿ ಅಡಗಿದೆ.

ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಬರಿದಾದುದು, ನಿಷ್ಪ್ರಯೋಜಕವಾದುದು ಎಂದು ಅರ್ಥ. ಜರ್ಮನ್ ಭಾಷೆಯ ‘ಐಟೆಲ್’ ಇದರ ಸೋದರಪದ. ಓಡದ ಯಂತ್ರ, ಉಳದ ನೆಲ, ಕೆಲಸ ಸಿಗದ ಆಳು, ಕೆಲಸವನ್ನೊಲ್ಲದ ಮನುಷ್ಯ, ಇವೆಲ್ಲವೂ ಇಂಗ್ಲಿಷಿಗೆ ‘ಐಡಲ್’. ಕನ್ನಡವಾದರೋ ಇವನ್ನು ಬೇರೆಬೇರೆಯಾಗಿ ಹೇಳುತ್ತದೆ. ನೆಲ ಬೀಳುಬಿದ್ದಿದೆ, ಯಂತ್ರ ನಿಂತಿದೆ, ಆಳಿಗೆ ಬಿಡುವಾಗಿದೆ ಎನ್ನುತ್ತೇವೆ. ‘ಸೋಮಾರಿ’, ‘ಮೈಗಳ್ಳ’ ಎಂಬ ಮಾತುಗಳು ಮಾತ್ರ ಮನಸ್ಸಿನ ದೋಷವನ್ನು ಸೂಚಿಸುತ್ತವೆ.

ಯಲಹಂಕ, ಹೆಬ್ಬಾಳಗಳ ಹಿಂದಿನ ಮಳೆಯಾಧಾರದ ಬೇಸಾಯವನ್ನು ನೋಡಬಹುದು. ಮುಂಗಾರಿನಲ್ಲಿ ಬಿತ್ತಿದ ರಾಗಿ ನವೆಂಬರ್, ಡಿಸೆಂಬರ್ ವೇಳೆಗೆ ಕೊಯ್ಲಿಗೆ ಬರುತ್ತಿತ್ತು. ಕಣದ ಕೆಲಸ ಮುಗಿದ ಮೇಲೆ ಮುಂದಿನ ಮಳೆಯವರೆಗೆ ಹೊಲದಲ್ಲಿ ಹೆಚ್ಚಿನ ಕೆಲಸವಿರಲಿಲ್ಲ. ಆ ದಿನಗಳಲ್ಲಿಯೇ ಗೊಬ್ಬರ ಸಾಗಿಸುವುದು, ಕೆರೆಯ ಹೂಳೆತ್ತುವುದು, ಮನೆಯ ಮಾಡನ್ನು ಸರಿಪಡಿಸುವುದು ನಡೆಯುತ್ತಿದ್ದುವು. ಬೇಸಗೆಯಲ್ಲಿ ಕುದುರೆಯೇರಿ ಹಾದುಹೋದ ಅಧಿಕಾರಿಗೆ ಕಂಡುದು ಬರಿಯ ಹೊಲ. ಆ ಬರಿದುತನವನ್ನು ರೈತನ ಸ್ವಭಾವವೆಂದು ಬರೆಯುವುದು ನ್ಯಾಯವಲ್ಲ.

1927ರಲ್ಲಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನಲ್ಲಿಯೂ ವಿಶ್ರಾಂತಿಗಾಗಿ ತಂಗಿದ್ದ ಗಾಂಧೀಜಿಯವರು ತಮ್ಮ ಇಂಗ್ಲಿಷ್ ಬರಹಗಳಲ್ಲಿ ರೈತನ ಈ ಸ್ಥಿತಿಗೆ ‘ಐಡಲ್’ ಪದದಿಂದಾದ ನಾಮಪದವನ್ನೇ ಬಳಸಿದರು. ಆದರೆ ‘ಬಲವಂತದ’ ಎಂಬ ಅರ್ಥದ ವಿಶೇಷಣವನ್ನು ಅದಕ್ಕೆ ಸೇರಿಸಿದರು. ಚರಕದ ಪರವಾದ ಅವರ ವಾದ ನಿಂತುದು ಈ ವಿಶೇಷಣದ ಮೇಲೆ. ಅದನ್ನು ‘ಬಲವಂತದ ಸೋಮಾರಿತನ’ ಎಂದು ಕನ್ನಡಿಸಿದರೆ ಅರ್ಥವೇ ಕೆಡುತ್ತದೆ; ಬಲವಂತದಿಂದ ಯಾರೂ ಸೋಮಾರಿಯಾಗುವುದಿಲ್ಲ.

ಯಶವಂತಪುರದಂಥ ಕೈಗಾರಿಕಾ ಪ್ರದೇಶಗಳಿಗೆ ಅನ್ವಯಿಸುವ ಕಾನೂನು ಕೂಡ ಈ ಭೇದವನ್ನು ಬಲ್ಲುದು. 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಾದ ತಿದ್ದುಪಡಿಯು, ಕಚ್ಚಾಮಾಲು ಮೊದಲಾದುವುಗಳ ಅಭಾವದಿಂದ ಕೆಲಸ ದೊರೆಯದ ಅರ್ಹ ಕಾರ್ಮಿಕನಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇಕಡ 50ರಷ್ಟು ಪರಿಹಾರವನ್ನು ವಿಧಿಸಿತು. ಸೋಮಾರಿಗೆ ಯಾವ ಕಾನೂನು ಪರಿಹಾರ ಕೊಟ್ಟೀತು?

ನಿಜವಾದ ಸೋಮಾರಿಗಳು ಎಲ್ಲ ಕಾಲದಲ್ಲಿಯೂ ಇದ್ದಾರೆ. ಅವರನ್ನು ಹಾಗೆಂದು ಕರೆಯಲು ಅಡ್ಡಿಯಿಲ್ಲ. ಆದರೆ ವಿದ್ಯಾರ್ಥಿಯು ಈ ಪದವನ್ನು ಅನುವಾದಿಸುವ ಮೊದಲು ಮಾತನ್ನು ಆಡಿದವರಾರು, ಯಾರನ್ನು ಕುರಿತು, ವರ್ಷದ ಯಾವ ತಿಂಗಳಿನಲ್ಲಿ ಎಂಬುದನ್ನು ವಿಚಾರಿಸಬೇಕು. ಕೆಲಸವಿಲ್ಲದವನನ್ನು ಕೆಲಸಗಳ್ಳನೆಂದು ಬರೆದಿಟ್ಟರೆ, ಉತ್ತರ ಕೊಡಲು ಅವನು ಇಂದು ನಮ್ಮೆದುರಿಗಿಲ್ಲ.