ನಮ್ಮವರಿಗೆ ಹಕ್ಕು, ಅವರಿಗೆ ಸವಲತ್ತು

ಅಧ್ಯಕ್ಷರ ಚುನಾವಣೆಯ ವರ್ಷ ಬಂತೆಂದರೆ ಅಮೆರಿಕದ ಕನ್ನಡಿಗರ ಮನೆಗಳಲ್ಲಿ, ಗಣೇಶನ ಹಬ್ಬದ ಊಟಕ್ಕೆ ಯಾರ ಪಕ್ಕ ಯಾರನ್ನು ಕೂರಿಸಬೇಕೆಂದು ಮನೆಯವರು ಮೊದಲೇ ಯೋಚಿಸಬೇಕಾಗುತ್ತದೆ. ಒಂದೇ ಕಾಲೇಜಿನಲ್ಲಿ ಓದಿ, ಒಂದೇ ಬಡಾವಣೆಯಲ್ಲಿ ಮನೆ ಕೊಂಡು, ಮಕ್ಕಳನ್ನು ಒಂದೇ ಸಂಗೀತದ ಮೇಷ್ಟ್ರ ಬಳಿ ಕಳಿಸುವ ಗೆಳೆಯರು ನವೆಂಬರ್ ಕಳೆಯುವವರೆಗೆ ಮಾತು ಬಿಟ್ಟದ್ದನ್ನು ಕಂಡಿದ್ದೇನೆ. ವಲಸೆ, ತೆರಿಗೆ, ಗರ್ಭಪಾತದ ಹಕ್ಕು ಇವುಗಳ ಬಗ್ಗೆ ಭಿನ್ನಾಭಿಪ್ರಾಯ ಸಹಜ, ಇರಲೂ ಬೇಕು. ನನ್ನ ತಕರಾರು ಇರುವುದು ರಾಜಕಾರಣಿಗಳ ವಿಶೇಷ ಸವಲತ್ತಿನ ಮಾತು ಬಂದಾಗ ಎರಡೂ ಕಡೆಯವರು ಬಳಸುವ ವ್ಯಾಕರಣದ ಬಗ್ಗೆ. ಆ ವ್ಯಾಕರಣದಲ್ಲಿ ಸವಲತ್ತು ಯಾವಾಗಲೂ ಷಷ್ಠೀ ವಿಭಕ್ತಿಯ ಬೆನ್ನಿಗೇ ಬರುತ್ತದೆ: ಟ್ರಂಪರ ರಕ್ಷಣೆ, ಬೈಡನ್ನರ ಕ್ಷಮಾದಾನ, ಪೆಲೋಸಿಯವರ ಷೇರು. ಹೆಸರನ್ನು ತೆಗೆದುಬಿಟ್ಟರೆ ವಾದವೇ ನಿಲ್ಲುವುದಿಲ್ಲ.

2024ರ ಜುಲೈ 1ರಂದು ಇಲ್ಲಿಯ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನೇ ನೋಡಿ. ಸಂವಿಧಾನವು ಅಧ್ಯಕ್ಷರೊಬ್ಬರಿಗೇ ಕೊಟ್ಟಿರುವ ಮೂಲ ಅಧಿಕಾರಗಳನ್ನು ಚಲಾಯಿಸಿ ಮಾಡಿದ ಕೆಲಸಕ್ಕೆ ಕ್ರಿಮಿನಲ್ ಮೊಕದ್ದಮೆಯಿಂದ ಪೂರ್ಣ ರಕ್ಷಣೆ ಉಂಟು. ಉಳಿದ ಅಧಿಕೃತ ಕೆಲಸಗಳಿಗೂ ರಕ್ಷಣೆ ಇದೆಯೆಂದೇ ಮೊದಲಿಗೆ ಭಾವಿಸಬೇಕು. ಖಾಸಗಿ ಕೃತ್ಯಗಳಿಗೆ ಮಾತ್ರ ಇಲ್ಲ. ಹೀಗೆಂದು ಆರು ನ್ಯಾಯಮೂರ್ತಿಗಳು ಹೇಳಿದರು, ಮೂವರು ಒಪ್ಪಲಿಲ್ಲ. ಚುನಾವಣೆಗೆ ಆಗ ನಾಲ್ಕು ತಿಂಗಳು. ನಮ್ಮ ಬಳಗದಲ್ಲಿ ಒಬ್ಬರು ‘ಟ್ರಂಪ್ ಗೆದ್ದರು’ ಎಂದರು, ಇನ್ನೊಬ್ಬರು ‘ಟ್ರಂಪ್ ತಪ್ಪಿಸಿಕೊಂಡರು’ ಎಂದರು. ಎರಡೂ ಒಂದೇ ಮಾತು. ಆ ತೀರ್ಪು ಮುಂದೆ ಆ ಕುರ್ಚಿಯಲ್ಲಿ ಕೂರುವ ಎಲ್ಲರ ಆಸ್ತಿ, ಈಗಿನ್ನೂ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿರುವ ಯಾವುದೋ ಹುಡುಗಿಯದೂ ಕೂಡ, ಎಂಬ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಹೆಸರಿನ ಜಗಳದಲ್ಲಿ ಕುರ್ಚಿಯ ಕಡೆ ಯಾರೂ ನೋಡಲಿಲ್ಲ.

ಅದೇ ವರ್ಷದ ಡಿಸೆಂಬರ್ ತಿಂಗಳು ಈ ವಿಷಯಕ್ಕೆ ಒಂದು ಪಾಠದ ಪುಸ್ತಕದಂತಿದೆ. ಡಿಸೆಂಬರ್ 1ರಂದು ಜೋ ಬೈಡನ್ ತಮ್ಮ ಮಗ ಹಂಟರ್‌ಗೆ ಕ್ಷಮಾದಾನ ಕೊಟ್ಟರು. ಮಗನ ವಿಷಯದಲ್ಲಿ ಹಾಗೆ ಮಾಡುವುದಿಲ್ಲವೆಂದು ಅದಕ್ಕೆ ಮುಂಚೆ ಹಲವು ಸಲ ಹೇಳಿದ್ದವರು ಅವರೇ. ಬಂದೂಕಿನ ಪ್ರಕರಣದಲ್ಲಿ ಹಂಟರ್ ತಪ್ಪಿತಸ್ಥನೆಂದು ತೀರ್ಪಾಗಿತ್ತು, ತೆರಿಗೆ ಪ್ರಕರಣದಲ್ಲಿ ಆತನೇ ತಪ್ಪೊಪ್ಪಿಕೊಂಡಿದ್ದ. ಕ್ಷಮೆ ಅವೆರಡಕ್ಕೇ ನಿಲ್ಲಲಿಲ್ಲ. 2014ರ ಜನವರಿಯಿಂದ ಅಂದಿನವರೆಗೆ, ಹೆಚ್ಚುಕಡಿಮೆ ಹನ್ನೊಂದು ವರ್ಷದ ಅವಧಿಯಲ್ಲಿ ಕೇಂದ್ರ ಸರ್ಕಾರದ ಕಾನೂನಿನಡಿ ಆತ ಮಾಡಿದ್ದ, ಮಾಡಿರಬಹುದಾದ ಎಲ್ಲಕ್ಕೂ ಹಬ್ಬಿತು. ಜನವರಿ 20ರಂದು, ಅಧಿಕಾರ ಬಿಡಲು ಕೆಲವೇ ನಿಮಿಷ ಇರುವಾಗ, ಬೈಡನ್ ತಮ್ಮ ಒಡಹುಟ್ಟಿದವರೂ ಅವರ ಸಂಗಾತಿಗಳೂ ಸೇರಿ ಇನ್ನೂ ಐವರನ್ನು ಆ ಕೊಡೆಯ ಕೆಳಗೆ ತಂದರು. ಅದೇ ದಿನ ಸಂಜೆ ಡೊನಾಲ್ಡ್ ಟ್ರಂಪ್, 2021ರ ಜನವರಿ 6ರಂದು ಸಂಸತ್ ಭವನಕ್ಕೆ ನುಗ್ಗಿದ ಪ್ರಕರಣಗಳ ಸುಮಾರು 1,500 ಜನರಿಗೆ ಕ್ಷಮೆ ನೀಡಿ, 14 ಮಂದಿಯ ಶಿಕ್ಷೆ ಕಡಿತ ಮಾಡಿದರು. ಪೊಲೀಸರ ಮೇಲೆ ಹಲ್ಲೆ ಮಾಡಿ ಶಿಕ್ಷೆಯಾದವರೂ ಅವರಲ್ಲಿದ್ದರು.

ಬೈಡನ್ ಅಭಿಮಾನಿ ಗೆಳೆಯರು ‘ಯಾವ ತಂದೆ ತಾನೇ ಸುಮ್ಮನಿರುತ್ತಾನೆ’ ಎಂದರು. ಟ್ರಂಪ್ ಅಭಿಮಾನಿಗಳು ‘ನಿಮ್ಮವರು ಮಗನನ್ನು ಬಿಡಿಸಿಕೊಂಡರು, ನಮ್ಮವರು ಜನರನ್ನು ಬಿಡಿಸಿದರು’ ಎಂದರು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ತೋರಿಸುವ ಗಾದೆ ನಮಗೆಲ್ಲ ಗೊತ್ತು. ಇಲ್ಲಿ ಎರಡೂ ಒಂದೇ ತೂಕ ಎಂದು ಹೇಳಿ ಜಾರಿಕೊಳ್ಳುವ ಇರಾದೆ ನನಗಿಲ್ಲ. ತನ್ನ ಪರವಾಗಿ ಗುಂಪು ಕಟ್ಟಿ ಬಂದು ಪೊಲೀಸರನ್ನು ಹೊಡೆದವರನ್ನು ಬಿಟ್ಟುಬಿಡುವುದು, ಮಗನನ್ನು ಬಿಡಿಸಿಕೊಳ್ಳುವುದಕ್ಕಿಂತ ಬಹಳ ದೊಡ್ಡ ಸಂಗತಿ ಎಂದೇ ನನ್ನ ಲೆಕ್ಕ. ಆದರೆ ಹೆಗ್ಗಣವೂ ನೊಣವೂ ಒಂದೇ ಬಾಗಿಲಿನಿಂದ ಬಂದವು. ಆ ಬಾಗಿಲು ಇರುವುದು ಸಂವಿಧಾನದ ಎರಡನೆಯ ವಿಧಿಯಲ್ಲಿ. ಮಹಾಭಿಯೋಗ ಒಂದನ್ನು ಬಿಟ್ಟು, ಕೇಂದ್ರದ ಯಾವ ಅಪರಾಧವನ್ನಾದರೂ ಅಧ್ಯಕ್ಷರು ಯಾರನ್ನೂ ಕೇಳದೆ ಕ್ಷಮಿಸಬಹುದು.

ಇದರ ಅಪಾಯ ಆ ಕಾಲದವರಿಗೇ ಹೊಳೆದಿತ್ತು. ಸಂವಿಧಾನಕ್ಕೆ ಸಹಿ ಹಾಕಲು ಒಪ್ಪದ ಜಾರ್ಜ್ ಮೇಸನ್ 1788ರಲ್ಲಿ ವರ್ಜೀನಿಯಾದ ಸಭೆಯಲ್ಲಿ ಎತ್ತಿದ ಪ್ರಶ್ನೆಯೇ ಅದು: ತಾನೇ ಹೇಳಿ ಮಾಡಿಸಿದ ಅಪರಾಧವನ್ನು ಅಧ್ಯಕ್ಷನೇ ಕ್ಷಮಿಸಿಬಿಟ್ಟರೆ ಗತಿಯೇನು? ಅಂಥವನನ್ನು ಪ್ರತಿನಿಧಿ ಸಭೆ ಮಹಾಭಿಯೋಗಕ್ಕೆ ಗುರಿಪಡಿಸುತ್ತದಲ್ಲ ಎಂದು ಜೇಮ್ಸ್ ಮ್ಯಾಡಿಸನ್ ಸಮಾಧಾನ ಹೇಳಿದರು. ಪ್ರತಿನಿಧಿ ಸಭೆಯ ಸದಸ್ಯರಿಗೆ ತಮ್ಮ ಪಕ್ಷಕ್ಕಿಂತ ತಮ್ಮ ಸಭೆಯ ಮಾನ ದೊಡ್ಡದಾಗಿರುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಉತ್ತರ ಅದು. ಆಗಿನ್ನೂ ಪಕ್ಷಗಳು ಸರಿಯಾಗಿ ಹುಟ್ಟಿರಲಿಲ್ಲ.

1974ರ ಸೆಪ್ಟೆಂಬರ್ 8ರಂದು ಜೆರಾಲ್ಡ್ ಫೋರ್ಡ್ ನಿಕ್ಸನ್ನರನ್ನು ಕ್ಷಮಿಸಿದರು. ಎರಡು ವರ್ಷದ ಮೇಲೆ ನಡೆದ ಚುನಾವಣೆಯಲ್ಲಿ ಸೋತರು. ಸೋಲಿಗೆ ಆ ಕ್ಷಮೆಯೂ ಒಂದು ಕಾರಣವೆಂದು ಎಲ್ಲರೂ ಹೇಳುತ್ತಾರೆ. ನಂತರದವರು ಕಲಿತ ಪಾಠ ಕ್ಷಮಿಸಬಾರದು ಎಂದಲ್ಲ, ಚುನಾವಣೆ ಮುಗಿದ ಮೇಲೆ ಕ್ಷಮಿಸಬೇಕು ಎಂದು. ಹಿರಿಯ ಬುಷ್ ಇರಾನ್-ಕಾಂಟ್ರಾ ಹಗರಣದ ಆರು ಮಂದಿಯನ್ನು ಬಿಟ್ಟದ್ದು 1992ರ ಕ್ರಿಸ್‌ಮಸ್ ಹಿಂದಿನ ದಿನ, ಸೋತ ಮೇಲೆ. ಬಿಲ್ ಕ್ಲಿಂಟನ್ ದೇಶ ಬಿಟ್ಟು ಓಡಿದ್ದ ಸಿರಿವಂತ ವ್ಯಾಪಾರಿ ಮಾರ್ಕ್ ರಿಚ್‌ನನ್ನೂ ತಮ್ಮ ಮಲತಮ್ಮನನ್ನೂ ಕ್ಷಮಿಸಿದ್ದು 2001ರಲ್ಲಿ, ಅಧಿಕಾರದ ಕೊನೆಯ ದಿನ. ಇದನ್ನು ಸರಿಪಡಿಸುವ ದಾರಿ ಯಾರಿಗೂ ತೋಚಲಿಲ್ಲವೆಂದಲ್ಲ. ನಿಕ್ಸನ್ ಕ್ಷಮೆಯ ಬೆನ್ನಿಗೇ ಸೆನೆಟರ್ ವಾಲ್ಟರ್ ಮಾಂಡೇಲ್ ಒಂದು ತಿದ್ದುಪಡಿ ಮುಂದಿಟ್ಟಿದ್ದರು: ಕ್ಷಮೆ ಕೊಟ್ಟ 180 ದಿನಗಳೊಳಗೆ ಎರಡೂ ಸದನಗಳ ಮೂರನೇ ಎರಡು ಭಾಗ ಬೇಡವೆಂದರೆ ಅದು ರದ್ದು. ಅದು ಅಲ್ಲಿಗೇ ಉಳಿಯಿತು. ಏಕೆಂದರೆ ಕ್ಷಮಾದಾನದ ಮೇಲೆ ಸಿಟ್ಟು ಬರುವುದು ಯಾವಾಗಲೂ ಅರ್ಧ ದೇಶಕ್ಕೆ ಮಾತ್ರ, ಅದೂ ಪ್ರತಿ ಸಲವೂ ಬೇರೆ ಬೇರೆ ಅರ್ಧಕ್ಕೆ.

ಇನ್ನು ಅದೇ ಡಿಸೆಂಬರಿನ ಇನ್ನೊಂದು ಜಗಳ. ಸರ್ಕಾರದ ಖರ್ಚಿಗೆ ಹಣ ಒದಗಿಸುವ ಒಂದು ದಪ್ಪ ಮಸೂದೆಯೊಳಗೆ ಸಂಸತ್ ಸದಸ್ಯರ ಸಂಬಳ ಹೆಚ್ಚಲು ಅವಕಾಶ ಮಾಡಿದ್ದರು. ಅದು ಹೆಚ್ಚೆಂದರೆ ನೂರಕ್ಕೆ 3.8. ಇಲಾನ್ ಮಸ್ಕ್ ಅದನ್ನು ನೂರಕ್ಕೆ 40 ಎಂದು ಸಾರಿದರು. ಊರೆಲ್ಲ ಗುಲ್ಲಾಯಿತು, ಎರಡೇ ದಿನದಲ್ಲಿ ಮಸೂದೆ ಮುರಿದುಬಿತ್ತು, ಮತ್ತೆ ಬಂದ ಚಿಕ್ಕ ಮಸೂದೆಯಲ್ಲಿ ಸಂಬಳದ ಮಾತಿರಲಿಲ್ಲ. ಸಾಮಾನ್ಯ ಸದಸ್ಯರ ಸಂಬಳ 2009ರಿಂದ 1,74,000 ಡಾಲರಿನಲ್ಲೇ ನಿಂತಿದೆ. ಪ್ರತಿ ವರ್ಷ ತಾನಾಗಿಯೇ ಏರಬೇಕಾದ ತುಟ್ಟಿಭತ್ಯೆಯ ಮಾದರಿಯ ಮೊತ್ತವನ್ನು ಅವರೇ ಬೇಡವೆನ್ನುತ್ತ ಬಂದಿದ್ದಾರೆ. ವೈರಾಗ್ಯದಿಂದಲ್ಲ, ಮುಂದಿನ ಚುನಾವಣೆಯಲ್ಲಿ ಎದುರಾಳಿ ಅದನ್ನು ಜಾಹೀರಾತು ಮಾಡುತ್ತಾನೆಂಬ ಹೆದರಿಕೆಯಿಂದ.

ಒಂದು ಅವಧಿ ಮುಗಿಸಿದರೆ ಸಾಕು, ಜೀವನಪರ್ಯಂತ ಪೂರ್ತಿ ಸಂಬಳ ಪಿಂಚಣಿಯಾಗಿ ಬರುತ್ತದೆ. ಸೋಶಿಯಲ್ ಸೆಕ್ಯುರಿಟಿಗೆ ಅವರು ಒಂದು ಕಾಸೂ ಕಟ್ಟುವುದಿಲ್ಲ ಎಂಬ ಸಂದೇಶ ನಿಮಗೂ ಬಂದಿರಬಹುದು. ನಮ್ಮ ಇಬ್ಬರೂ ಗೆಳೆಯರು, ಎಡದವರೂ ಬಲದವರೂ, ಅದನ್ನು ನನಗೆ ಕಳಿಸಿದ್ದಾರೆ. ಎರಡೂ ಸುಳ್ಳು. 1984ರಿಂದ ಅವರೂ ನಮ್ಮಂತೆಯೇ ಕಟ್ಟುತ್ತಾರೆ. ಪಿಂಚಣಿಗೆ ಕನಿಷ್ಠ ಐದು ವರ್ಷದ ಸೇವೆ ಬೇಕು, ಎರಡೇ ವರ್ಷದ ಅವಧಿಯ ಪ್ರತಿನಿಧಿಗೆ ಒಂದು ಗೆಲುವಿನಿಂದ ಏನೂ ದಕ್ಕದು. ಮೊದಲ ಪಿಂಚಣಿ ಕೊನೆಯ ಸಂಬಳದ ನೂರಕ್ಕೆ 80ನ್ನು ದಾಟುವಂತಿಲ್ಲ.

ಸಂಬಳದ ಮೇಲಿನ ಕಾವಲು ಎಷ್ಟು ಬಿಗಿಯೆಂದರೆ ಅದಕ್ಕೆ ಸಂವಿಧಾನದ ತಿದ್ದುಪಡಿಯೇ ಇದೆ. ಸಂಬಳ ಬದಲಾಯಿಸಿದರೆ ನಡುವೆ ಒಂದು ಚುನಾವಣೆ ನಡೆಯದೆ ಅದು ಜಾರಿಗೆ ಬರುವಂತಿಲ್ಲ ಎಂಬ ಈ ಮಾತನ್ನು ಮ್ಯಾಡಿಸನ್ 1789ರಲ್ಲೇ ಸೂಚಿಸಿದ್ದರು. ಸಾಕಷ್ಟು ರಾಜ್ಯಗಳು ಒಪ್ಪದೆ ಮೂಲೆಗೆ ಬಿದ್ದಿತ್ತು. 1982ರಲ್ಲಿ ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಗ್ರೆಗರಿ ವಾಟ್ಸನ್, ಇದಕ್ಕೆ ಈಗಲೂ ಜೀವವಿದೆ ಎಂದು ಪ್ರಬಂಧ ಬರೆದು ‘ಸಿ’ ದರ್ಜೆ ತೆಗೆದುಕೊಂಡ. ಸಿಟ್ಟಿಗೆದ್ದು ರಾಜ್ಯಗಳ ಶಾಸಕರಿಗೆ ಕಾಗದ ಬರೆಯುತ್ತ ಹೋದ. 1992ರ ಮೇ ತಿಂಗಳಲ್ಲಿ ಅದು ಇಪ್ಪತ್ತೇಳನೆಯ ತಿದ್ದುಪಡಿಯಾಯಿತು. ವಿಶ್ವವಿದ್ಯಾಲಯ ಆತನ ದರ್ಜೆಯನ್ನು ‘ಎ’ ಮಾಡಿದ್ದು 2017ರಲ್ಲಿ. ಈ ಹುಡುಗನ ಬಗ್ಗೆ ನನಗೆ ಬಹಳ ಅಕ್ಕರೆ. ಆತನ ಕಾಗದಗಳಲ್ಲಿ ಶತ್ರುವಿನ ಹೆಸರಿರಲಿಲ್ಲ. ಎರಡೂ ಪಕ್ಷಗಳ ಹಿಡಿತದ ರಾಜ್ಯಗಳು ಒಪ್ಪಿಗೆ ಕೊಟ್ಟವು.

ಹಾಗಾದರೆ ಪಕ್ಷಗಳ ಕಿತ್ತಾಟದಿಂದ ಒಳ್ಳೆಯದೇ ಆಯಿತಲ್ಲ ಎನ್ನಬಹುದು. ಸಂಬಳದ ಮಟ್ಟಿಗೆ ಹೌದು. ಒಂದು ಅಂಕಿಯಲ್ಲಿ ಹೇಳಬಹುದಾದ, ಭಿತ್ತಿಪತ್ರಕ್ಕೆ ಹಿಡಿಸುವ ಸವಲತ್ತನ್ನು ಅದು ನಾಯಿಯಂತೆ ಕಾಯುತ್ತದೆ. ವಿವರಿಸಲು ಎರಡು ವಾಕ್ಯ ಬೇಕಾಗುವ ಸವಲತ್ತು ಪಕ್ಕದಲ್ಲೇ ನಡೆದುಹೋದರೂ ಬೊಗಳುವುದಿಲ್ಲ. ಸಂಬಳ ಹೀಗೆ ಹೆಪ್ಪುಗಟ್ಟಿದ್ದರಿಂದ ವಾಷಿಂಗ್ಟನ್ನಿನಲ್ಲೊಂದು, ಊರಲ್ಲೊಂದು ಎರಡು ಮನೆ ನಡೆಸಬಲ್ಲ ಸ್ಥಿತಿವಂತರಿಗಷ್ಟೇ ಆ ಕೆಲಸ ಎಂಬಂತಾಗುತ್ತಿದೆ. ಸ್ಥಿತಿವಂತರ ಬಳಿ ಷೇರುಗಳಿರುತ್ತವೆ.

ಷೇರಿನ ವಿಷಯದಲ್ಲಿ ಡೆಮಾಕ್ರಟರಿಗೆ ರಿಚರ್ಡ್ ಬರ್ ಎಂಬ ಹೆಸರು ಬಾಯಿಪಾಠ. ಸೆನೆಟ್ಟಿನ ಬೇಹುಗಾರಿಕೆ ಸಮಿತಿಯ ಅಧ್ಯಕ್ಷರಾಗಿದ್ದ ಈ ರಿಪಬ್ಲಿಕನ್, ಕೋವಿಡ್‌ನಿಂದ ಮಾರುಕಟ್ಟೆ ಕುಸಿಯುವ ಮುನ್ನ, 2020ರ ಫೆಬ್ರವರಿಯಲ್ಲಿ, ಲಕ್ಷಾಂತರ ಡಾಲರಿನ ಷೇರು ಮಾರಿದ್ದರು. ತನಿಖೆಯಾಯಿತು, ಆರೋಪಪಟ್ಟಿ ಬರಲಿಲ್ಲ. ರಿಪಬ್ಲಿಕನ್ನರಿಗೆ ನ್ಯಾನ್ಸಿ ಪೆಲೋಸಿಯವರ ಪತಿಯ ವಹಿವಾಟು ಬಾಯಿಪಾಠ. ಸದಸ್ಯರು ಷೇರು ವ್ಯಾಪಾರ ಮಾಡಿದರೆ ತಪ್ಪೇನು, ಇದು ಮುಕ್ತ ಮಾರುಕಟ್ಟೆ ಎಂದು 2021ರ ಕೊನೆಯಲ್ಲಿ ಪೆಲೋಸಿ ಹೇಳಿದ್ದೂ ನಿಜ, ಆಮೇಲೆ ಮೆತ್ತಗಾದರು. ಆದರೆ ಇಬ್ಬರ ಕಡೆಯವರೂ ಹೇಳದ ಕಥೆ ಇನ್ನೊಂದಿದೆ. 2012ರ ಏಪ್ರಿಲಿನಲ್ಲಿ ಬರಾಕ್ ಒಬಾಮ ಸಹಿ ಹಾಕಿದ ‘ಸ್ಟಾಕ್’ ಕಾಯ್ದೆ, ಸದಸ್ಯರು ತಮ್ಮ ವಹಿವಾಟನ್ನು 45 ದಿನಗಳೊಳಗೆ ಬಹಿರಂಗಪಡಿಸಬೇಕೆಂದಿತು. ತಡವಾದರೆ ದಂಡ 200 ಡಾಲರ್. ನಮ್ಮಲ್ಲಿ ಕೆಂಪು ದೀಪ ದಾಟಿದವರೂ ಕೆಲವು ಊರುಗಳಲ್ಲಿ ಇದಕ್ಕಿಂತ ಹೆಚ್ಚು ಕಟ್ಟುತ್ತಾರೆ. ಸಿಬ್ಬಂದಿ ಮತ್ತು ಹಿರಿಯ ಅಧಿಕಾರಿಗಳ ವಿವರಗಳೂ ಜಾಲತಾಣದಲ್ಲಿ ಬರಬೇಕು, ಎಲ್ಲವನ್ನೂ ಜನ ಸುಲಭವಾಗಿ ಹುಡುಕುವಂತಿರಬೇಕು ಎಂದೂ ಅದರಲ್ಲಿತ್ತು. ಒಂದು ವರ್ಷದ ಮೇಲೆ, 2013ರ ಏಪ್ರಿಲಿನಲ್ಲಿ, ಸುರಕ್ಷತೆಯ ಕಾರಣ ಕೊಟ್ಟು ಆ ಭಾಗಗಳನ್ನು ಕಿತ್ತುಹಾಕಿದರು. ಯಾವುದಕ್ಕೂ ಒಪ್ಪದ ಸೆನೆಟ್ಟೂ ಪ್ರತಿನಿಧಿ ಸಭೆಯೂ ಚರ್ಚೆಯಿಲ್ಲದೆ, ಮತ ಎಣಿಸದೆ ಅದನ್ನು ಅಂಗೀಕರಿಸಿದವು. ಒಬಾಮ ಸಹಿ ಹಾಕಿದರು. ಅಂದು ಜಗಳವಿರಲಿಲ್ಲ, ಆದ್ದರಿಂದ ಸುದ್ದಿಯೂ ಹೆಚ್ಚಾಗಲಿಲ್ಲ.

2023ರಲ್ಲಿ ಸೆನೆಟರ್ ಜಾಶ್ ಹಾಲಿ, ಸದಸ್ಯರ ಷೇರು ವ್ಯಾಪಾರವನ್ನೇ ನಿಷೇಧಿಸುವ ಮಸೂದೆ ತಂದರು. ಒಳ್ಳೆಯ ಮಸೂದೆ. ಆದರೆ ಅಕ್ಷರಗಳನ್ನು ಕೂಡಿಸಿದರೆ ‘ಪೆಲೋಸಿ’ ಎಂದಾಗುವಂತೆ ಹೆಸರಿಟ್ಟರು. ಡೆಮಾಕ್ರಟರ ಮತವಿಲ್ಲದೆ ಮುಂದೆ ಸಾಗದ ಮಸೂದೆಗೆ ಅವರ ನಾಯಕಿಯ ಹೆಸರು! 2025ರ ಜುಲೈನಲ್ಲಿ ಹೆಸರು ಬದಲಿಸಿ, ಅಧ್ಯಕ್ಷ ಉಪಾಧ್ಯಕ್ಷರನ್ನೂ ಮುಂದಿನ ಅವಧಿಯಿಂದ ಸೇರಿಸಿಕೊಂಡಾಗ ಸಮಿತಿಯಲ್ಲಿ 8–7ರಿಂದ ಗೆದ್ದಿತು. ಪರವಾಗಿ ನಿಂತ ರಿಪಬ್ಲಿಕನ್ ಹಾಲಿ ಒಬ್ಬರೇ, ಉಳಿದ ಏಳು ಮತ ಡೆಮಾಕ್ರಟರದು. ಅಂದೇ ಟ್ರಂಪ್ ಅವರ ಮೇಲೆ ಹರಿಹಾಯ್ದರು. ಅಂದಹಾಗೆ, ಸ್ವಂತ ಹಣಕಾಸಿನ ಲಾಭವಿರುವ ಸರ್ಕಾರಿ ವಿಷಯದಲ್ಲಿ ಕೈಹಾಕುವುದು ಅಪರಾಧ ಎನ್ನುವ ಕಾನೂನು ಸಾವಿರಾರು ಗುಮಾಸ್ತರಿಗೆ ಅನ್ವಯಿಸುತ್ತದೆ, ಅಧ್ಯಕ್ಷರಿಗೆ ಅನ್ವಯಿಸುವುದಿಲ್ಲ. ಜಿಮ್ಮಿ ಕಾರ್ಟರ್ ತಮ್ಮ ಕಡಲೆಕಾಯಿ ವ್ಯಾಪಾರವನ್ನು ಟ್ರಸ್ಟಿಗೆ ಒಪ್ಪಿಸಿದ್ದು ಸ್ವಂತ ಇಚ್ಛೆಯಿಂದ. ನಾಲ್ಕು ವರ್ಷದ ಮೇಲೆ ಊರಿಗೆ ಹಿಂದಿರುಗಿದಾಗ ಅದು ಸಾಲದಲ್ಲಿ ಮುಳುಗಿತ್ತು.

ನಮ್ಮವರ ವಾದ ಇಲ್ಲಿಯವರೆಗೆ ಬಂದಾಗ ಯಾರಾದರೂ ಊರಿನ ಹೋಲಿಕೆ ತೆಗೆದೇ ತೆಗೆಯುತ್ತಾರೆ. ಗೂಟದ ಕಾರಿನ ದೇಶದಿಂದ ಬಂದ ನಮಗೆ ಇದೆಲ್ಲ ಯಾವ ಮಹಾ ಎಂದು ಒಬ್ಬರು; ಆ ಗೂಟದ ದೀಪವನ್ನು 2017ರ ಮೇ 1ರಿಂದ ತೆಗೆಸಿದ್ದೇವಲ್ಲ ಎಂದು ಇನ್ನೊಬ್ಬರು. ದೀಪ ಹೋದದ್ದು ಸಂತೋಷ. ಅದೂ ಕಣ್ಣಿಗೆ ಕುಕ್ಕುವ, ಭಿತ್ತಿಪತ್ರಕ್ಕೆ ಹಿಡಿಸುವ ಜಾತಿಯದೇ. ಸಂಬಳದ ಮಟ್ಟಿಗೆ ಮಾತ್ರ ಎರಡು ಕಡೆಗೂ ಹೋಲಿಕೆಯೇ ಇಲ್ಲ. ಇಲ್ಲಿ ಸದಸ್ಯರು ನಡುವೆ ಒಂದು ಚುನಾವಣೆ ಕಾಯಬೇಕು, ನಮ್ಮ ವಿಧಾನಸೌಧದಲ್ಲಿ ಒಂದು ಗದ್ದಲ ಸಾಕು.

2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಗುತ್ತಿಗೆ ಮೀಸಲಾತಿ ಮತ್ತು ಹನಿಟ್ರ್ಯಾಪ್ ವಿಷಯಕ್ಕೆ ಬಿಜೆಪಿ ಸದಸ್ಯರು ಬಾವಿಗಿಳಿದು, ಕಾಗದ ಹರಿದು ಸ್ಪೀಕರ್ ಪೀಠದತ್ತ ಎಸೆದರು. ಹದಿನೆಂಟು ಮಂದಿಯನ್ನು ಆರು ತಿಂಗಳು ಅಮಾನತು ಮಾಡಲಾಯಿತು. ಮಾರ್ಷಲ್‌ಗಳು ಅವರನ್ನು ಎತ್ತಿಕೊಂಡು ಹೊರಗೆ ಸಾಗಿಸಿದ ಚಿತ್ರಗಳನ್ನು ನಾವು ಇಲ್ಲಿ ಕೂತು ನೋಡಿದೆವು. ಎರಡೂ ಪಕ್ಷಗಳ ಅಭಿಮಾನಿಗಳು ವಾರಗಟ್ಟಲೆ ಅದನ್ನೇ ಎಳೆದಾಡಿದರು. ಅದೇ ದಿನ, ಅದೇ ಗದ್ದಲದ ನಡುವೆ, ಚರ್ಚೆಯಿಲ್ಲದೆ, ಮುಖ್ಯಮಂತ್ರಿಯ ಸಂಬಳ ತಿಂಗಳಿಗೆ 75,000ದಿಂದ 1.5 ಲಕ್ಷಕ್ಕೆ, ಶಾಸಕರದು 40,000ದಿಂದ 80,000ಕ್ಕೆ ಏರುವ ಮಸೂದೆಗಳು ಅಂಗೀಕಾರವಾದವು. ಅಮಾನತು ಎರಡೇ ತಿಂಗಳಲ್ಲಿ, ಮೇ ಕೊನೆಯ ಹೊತ್ತಿಗೆ ರದ್ದಾಯಿತು. ಹದಿನೆಂಟೂ ಮಂದಿ ಸದನಕ್ಕೆ ಮರಳಿದರು, ಹೊಸ ಸಂಬಳಕ್ಕೆ.