ಸೀಟು ಕೊಟ್ಟವರು ಸೂರನ್ನೂ ಕೊಡಲಿ

ಚೆನ್ನೈಗೆ ಓದಲು ಬರುವ ವಿದೇಶಿ ವಿದ್ಯಾರ್ಥಿಗೆ ಕಾಲೇಜಿನ ಸೀಟಿಗಿಂತ ಕಷ್ಟದ್ದು ಮಲಗಲು ಒಂದು ಕೋಣೆ. ಪ್ರವೇಶಪತ್ರವೂ ವೀಸಾವೂ ಅವನ ಊರಿನಲ್ಲೇ ಕೈಸೇರಿರುತ್ತವೆ. ಕೋಣೆಯನ್ನು ಮಾತ್ರ ಇಲ್ಲಿಗೆ ಬಂದು, ಬ್ರೋಕರ್ ಹಿಂದೆ ಬಿಸಿಲಲ್ಲಿ ಅಲೆದು ಗಿಟ್ಟಿಸಿಕೊಳ್ಳಬೇಕು. ದಶಕಗಳಿಂದ ನಡೆದುಬಂದ ಈ ಪದ್ಧತಿ ಅನ್ಯಾಯದ್ದು.

ಚೆನ್ನೈಯಲ್ಲಿ ಬಾಡಿಗೆ ವ್ಯವಹಾರ ನಿಂತಿರುವುದು ಪರಿಚಯದ ಮೇಲೆ. ಯಾವ ಊರು, ಯಾರ ಕಡೆಯವರು, ಮಾಂಸ ತಿನ್ನುತ್ತೀರಾ ಎಂದು ಮೊದಲು ಕೇಳುತ್ತಾರೆ. ಬಾಡಿಗೆಯ ಮಾತು ಆಮೇಲೆ. ಮೈಲಾಪುರ, ಪಶ್ಚಿಮ ಮಾಂಬಲದ ಕಡೆ ಸಸ್ಯಾಹಾರಿಗಳಿಗೆ ಮಾತ್ರ ಎಂಬ ಷರತ್ತನ್ನು ಯಾರೂ ಮುಚ್ಚಿಡುವುದಿಲ್ಲ. ಉಡುಪಿಯಿಂದಲೋ ಬಳ್ಳಾರಿಯಿಂದಲೋ ಹೋದ ಹುಡುಗ ಯಾರೋ ಮಾವನ ಹೆಸರು ಹೇಳಿ ಪಾರಾಗುತ್ತಾನೆ. ಸುಡಾನಿನಿಂದ, ನೈಜೀರಿಯಾದಿಂದ ಬಂದವನು ಯಾರ ಹೆಸರು ಹೇಳಬೇಕು? ಶ್ರೀಲಂಕಾದ ಜಾಫ್ನಾದಿಂದ ಬಂದ ಹುಡುಗಿಗೆ ಮನೆಯೊಡತಿಯ ಭಾಷೆಯೇ ಬಾಯಲ್ಲಿದ್ದರೂ ಕೈಯಲ್ಲಿರುವ ಪಾಸ್‌ಪೋರ್ಟ್ ಬೇರೆ ದೇಶದ್ದು.

ಮನೆಯವರನ್ನೇ ದೂರುವುದು ಸರಿಯಲ್ಲ. ವಿದೇಶಿಯನ್ನು ಇರಿಸಿಕೊಂಡವರು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸಬೇಕು. 'ಫಾರ್ಮ್ ಸಿ' ಎಂದೇ ಜನ ಇದನ್ನು ಕರೆಯುತ್ತ ಬಂದಿದ್ದಾರೆ. ದೊಡ್ಡ ಹೋಟೆಲಿಗಿರುವ ಈ ಹೊಣೆಯೇ ಮಹಡಿಯ ಮೇಲಿನ ಒಂದು ಕೋಣೆಯನ್ನು ಬಾಡಿಗೆಗೆ ಕೊಡುವ ನಿವೃತ್ತ ಗುಮಾಸ್ತರಿಗೂ ಇದೆ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರಲ್ಲಿ ಹೊಸ ಕಾಯ್ದೆ ಬಂದ ಮೇಲೂ ಅದು ತಪ್ಪಿಲ್ಲ. ಇತ್ತ ವಿದ್ಯಾರ್ಥಿಯ ವೀಸಾ 180 ದಿನ ಮೀರಿದ್ದಾದರೆ ಅವನು ಬಂದಿಳಿದ 14 ದಿನದೊಳಗೆ ಹೆಸರು ನೋಂದಾಯಿಸಬೇಕು, ಅದಕ್ಕೆ ವಿಳಾಸದ ದಾಖಲೆ ತೋರಿಸಬೇಕು. ಮನೆ ಸಿಗದವನು ಯಾವ ವಿಳಾಸ ಕೊಟ್ಟಾನು? 2018ರಿಂದ ಆನ್‌ಲೈನ್ ವ್ಯವಸ್ಥೆ ಬಂದು, ಹ್ಯಾಡೋಸ್ ರಸ್ತೆಯ ಶಾಸ್ತ್ರಿ ಭವನಕ್ಕೆ ಅಲೆಯುವುದು ಬಹುಮಟ್ಟಿಗೆ ತಪ್ಪಿದೆ, ನಿಜ. ಆದರೆ ಕಂಪ್ಯೂಟರ್ ಮುಟ್ಟದ ಅರವತ್ತೈದರ ಮನೆಯೊಡೆಯರಿಗೆ 'ಬೇಡಪ್ಪಾ' ಎಂದುಬಿಡುವುದೇ ಸುಲಭ.

ಅವರ ಅಂಜಿಕೆಗೆ ಇನ್ನೊಂದು ಕಾರಣವೂ ಇದೆ. 2012ರ ಫೆಬ್ರವರಿಯಲ್ಲಿ ವೇಳಚೇರಿಯ ಬಾಡಿಗೆ ಮನೆಯೊಂದರಲ್ಲಿ, ಬ್ಯಾಂಕ್ ದರೋಡೆಯ ಶಂಕೆಯ ಮೇಲೆ, ಐವರನ್ನು ಪೊಲೀಸರು ಗುಂಡಿಟ್ಟು ಕೊಂದರು. ಬಾಡಿಗೆದಾರರ ವಿವರಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶ ಅದರ ಬೆನ್ನಲ್ಲೇ ಬಂತು. ಹೊರಗಿನಿಂದ ಬಂದ ಹುಡುಗನಿಗೆ ಮನೆ ಕೊಟ್ಟರೆ ಪೊಲೀಸರ ಸಹವಾಸ ಎಂಬ ಭಯ ಅಲ್ಲಿಂದ ಇನ್ನಷ್ಟು ಬೇರೂರಿತು.

ಇನ್ನು ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ರೂಢಿ ಬೆಂಗಳೂರಿನಂತೆ ಅಲ್ಲೂ ಇದೆ. ಇದನ್ನು ತಡೆಯಲು ತಮಿಳುನಾಡು 2017ರಲ್ಲಿ ಕಾಯ್ದೆ ಮಾಡಿತು, 2019ರಲ್ಲಿ ಜಾರಿಗೆ ತಂದಿತು. ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದು ಎಂದು ಅದು ಹೇಳುತ್ತದೆ. ಆದರೆ 'ಬೇರೆ ಒಪ್ಪಂದ ಇಲ್ಲದಿದ್ದರೆ' ಎಂದು ಜೊತೆಗೇ ಸೇರಿಸುತ್ತದೆ. ಬಡಪಾಯಿ ಬಾಡಿಗೆದಾರನಿಗಾಗಿ ಮಾಡಿದ ಕಾಯ್ದೆಯಲ್ಲಿ ಇಂಥ ಕಿಂಡಿ ಬಿಟ್ಟದ್ದು ದೊಡ್ಡ ತಪ್ಪು. ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತವನು ಯಾವ ಒಪ್ಪಂದಕ್ಕೂ ಸಹಿ ಹಾಕುತ್ತಾನೆ.

ಕೊನೆಗೆ ಅವನು ಸೇರುವುದು ಹಳೇ ಮಹಾಬಲಿಪುರಂ ರಸ್ತೆಯ ಕಡೆಯ ಪಿಜಿಯನ್ನೋ, ವೇಳಚೇರಿಯ ನೆಲಮಹಡಿಯ ಕೋಣೆಯನ್ನೋ. ಅಲ್ಲಿ ಬಾಡಿಗೆ ಮಾತ್ರ ನೋಡಿದರೆ ಸಾಲದು. 2019ರ ಬೇಸಿಗೆಯಲ್ಲಿ ಕೆರೆಗಳು ಬತ್ತಿದಾಗ ಟ್ಯಾಂಕರ್ ನೀರೇ ಗತಿಯಾಗಿ, ಆ ರಸ್ತೆಯುದ್ದಕ್ಕೂ ಹಾಸ್ಟೆಲುಗಳು ನಡೆಯುವುದೇ ದುಸ್ತರವಾಯಿತು. ವೇಳಚೇರಿ ಇರುವುದು ಪಳ್ಳಿಕರಣೈ ಜೌಗುಭೂಮಿಯ ಮಗ್ಗುಲಲ್ಲಿ. 2015ರ ಮಹಾಮಳೆಯಲ್ಲೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲೂ ಅದು ಮುಳುಗಿತ್ತು. ಸ್ಥಳೀಯರಿಗೆ ಇದು ಗೊತ್ತಿರುತ್ತದೆ, ಅವರು ಮೇಲಿನ ಮಹಡಿಯನ್ನೇ ಆರಿಸಿಕೊಳ್ಳುತ್ತಾರೆ. ಹೊಸಬನಿಗೆ ಬ್ರೋಕರ್ ಇದನ್ನು ಹೇಳುವುದಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ, ಇದೇ ನಗರದಲ್ಲೇ ಇದೆ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ನಮ್ಮ ಹುಡುಗರೂ ಓದಿಗಾಗಿ ಈ ಊರಿಗೇ ಬರುತ್ತಿದ್ದರು. ಮಂಜೇಶ್ವರದ ಗೋವಿಂದ ಪೈಗಳು ಓದಿದ್ದು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ. ಆಗ ಜಾರ್ಜ್ ಟೌನಿನಲ್ಲಿದ್ದ ಆ ಕಾಲೇಜು 1937ರಲ್ಲಿ ತಾಂಬರಂಗೆ ಹೋದಾಗ ತರಗತಿಗಳ ಜೊತೆಗೇ ಸೇಲೈಯೂರ್, ಸೇಂಟ್ ಥಾಮಸ್, ಬಿಷಪ್ ಹೀಬರ್ ಎಂಬ ಮೂರು ಹಾಲ್‌ಗಳನ್ನೂ ಕಟ್ಟಿಕೊಂಡಿತು. ಹಾಲ್ ಎಂದರೆ ಬರೀ ಮಂಚಗಳ ಸಾಲಲ್ಲ. ಅದಕ್ಕೆ ತನ್ನದೇ ಊಟದ ಮನೆ, ತನ್ನದೇ ಹಬ್ಬ, ಹೊಣೆ ಹೊರಲು ಅಧ್ಯಾಪಕ ವಾರ್ಡನ್ ಇದ್ದಾರೆ. ಐಐಟಿಯಲ್ಲೂ ಹಾಗೆಯೇ, ಶರಾವತಿ, ತುಂಗಾ, ಭದ್ರಾ ಮುಂತಾದ ನದಿಗಳ ಹೆಸರಿನ ಹಾಸ್ಟೆಲುಗಳಲ್ಲಿ ಕೋಣೆ ಸಿಕ್ಕವರು ಯಾವ ಮನೆಯೊಡೆಯರಿಗೂ ತಮ್ಮ ಊಟದ ಲೆಕ್ಕ ಒಪ್ಪಿಸಬೇಕಿಲ್ಲ. ಅಲ್ಲಿ ದಾಖಲೆಗಳನ್ನು ನೋಡಿಕೊಳ್ಳುವುದು ಸಂಸ್ಥೆ. ಈ ವ್ಯವಸ್ಥೆಗೂ ಕೊರತೆಗಳಿವೆ. ಕೋಣೆಗಳು ಸೀಮಿತ, ಗೇಟಿನ ಕಟ್ಟುಪಾಡು ಕೆಲವರಿಗೆ ಉಸಿರುಗಟ್ಟಿಸುತ್ತದೆ. ಆದರೂ ಬ್ರೋಕರ್ ಕೈಗೆ ಸಿಕ್ಕುವ ಪಾಡಿಗಿಂತ ಇದು ಎಷ್ಟೋ ಮೇಲು.

ವಿದೇಶಿ ವಿದ್ಯಾರ್ಥಿಗಳಿಂದ ಸಂಸ್ಥೆಗಳು ಹೆಚ್ಚಿನ ಶುಲ್ಕ ಪಡೆಯುತ್ತವೆ, ಅವರ ಹೆಸರಿನಲ್ಲಿ ತಮ್ಮ ಕೀರ್ತಿ ಹೇಳಿಕೊಳ್ಳುತ್ತವೆ. ಹಾಸ್ಟೆಲಿನಲ್ಲಿ ಜಾಗವಿಲ್ಲದಿದ್ದರೆ ಕಾಲೇಜೇ ಹೊರಗೆ ಮನೆಗಳನ್ನು ಬಾಡಿಗೆಗೆ ಹಿಡಿಯಲಿ, ಕರಾರಿಗೆ ತಾನೇ ಸಹಿ ಹಾಕಲಿ, ಮನೆಯೊಡೆಯರ ಫಾರ್ಮನ್ನು ತನ್ನ ಗುಮಾಸ್ತರಿಂದ ತುಂಬಿಸಿಕೊಡಲಿ. ಪ್ರವೇಶಪತ್ರದ ಜೊತೆಯಲ್ಲೇ ಕೋಣೆಯ ಪತ್ರವೂ ಹೋಗಬೇಕು. ಬೆಂಗಳೂರು, ಮೈಸೂರು, ಮಂಗಳೂರಿನ ಸಂಸ್ಥೆಗಳಿಗೂ ಈ ಮಾತು ಸಲ್ಲುತ್ತದೆ. ಅಲ್ಲಿಯವರೆಗೆ, ಮನೆ ಬಾಡಿಗೆಗೆ ಕೊಡುವ ಓದುಗರಲ್ಲಿ ಒಂದು ಬೇಡಿಕೆ: ದೂರದೇಶದ ಹುಡುಗನೋ ಹುಡುಗಿಯೋ ಬಂದು ಕೇಳಿದರೆ, ಇಲ್ಲ ಎನ್ನುವ ಮುನ್ನ ಅವರ ಕಾಲೇಜಿಗೊಂದು ಫೋನ್ ಮಾಡಿ, ಕಾಗದಪತ್ರಕ್ಕೆ ನೆರವು ಕೇಳಿ.